ಪೀಣ್ಯದ ಶೆಡ್ಡಿನಿಂದ ರೆಡ್‌ಮಂಡಿನ ಕಾರ್ಖಾನೆಗೆ

ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗ, ವೈದ್ಯನಾದ ನಾನು ಸಕ್ಕರೆ ಕಾಯಿಲೆಯ ಬಗ್ಗೆಯೋ ಬೆನ್ನುನೋವಿನ ಬಗ್ಗೆಯೋ ನಾಲ್ಕು ಪುಟ ಕೊಡುತ್ತೇನೆಂದು ಅವರು ಎಣಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಆ ವಿಷಯಗಳನ್ನು ನಾನು ವಾರವಿಡೀ ಮಾತಾಡುತ್ತೇನೆ. ಕೇಳುವವರು ತಲೆಯಾಡಿಸಿ, ಮನೆಗೆ ಹೋಗಿ ಅದೇ ಜಿಲೇಬಿ ತಿನ್ನುತ್ತಾರೆ. ಆದ್ದರಿಂದ ಈ ಸಲ ರಾಕೆಟ್ಟಿನ ವಿಷಯ ಬರೆಯಲು ಅಪ್ಪಣೆ ಪಡೆದಿದ್ದೇನೆ.

ಇದಕ್ಕೆ ಕಾರಣವೂ ಉಂಟು. ಇಸ್ಸಾಕ್ವಾದಲ್ಲಿರುವ ನಮಗೆ ರೆಡ್‌ಮಂಡ್ ಅರ್ಧ ಗಂಟೆಯ ದಾರಿ. ನಾವೆಲ್ಲ ಆ ಊರನ್ನು ಮೈಕ್ರೋಸಾಫ್ಟಿನ ಊರೆಂದೇ ತಿಳಿದವರು. ಈಗ ಅದೇ ಊರಿನಲ್ಲಿ ಸ್ಪೇಸ್‌ಎಕ್ಸ್ ಕಂಪೆನಿಯ ಸ್ಟಾರ್‌ಲಿಂಕ್ ಉಪಗ್ರಹಗಳು ತಯಾರಾಗುತ್ತವೆ. ಪಕ್ಕದ ಕರ್ಕ್‌ಲ್ಯಾಂಡಿನಲ್ಲಿ ಅಮೆಜಾನ್ ಕಂಪೆನಿ ತನ್ನ ಉಪಗ್ರಹಗಳನ್ನು ಜೋಡಿಸುತ್ತಿದೆ. ದಕ್ಷಿಣಕ್ಕೆ ಹೋದರೆ ಕೆಂಟ್‌ನಲ್ಲಿ ಬ್ಲೂ ಒರಿಜಿನ್. ನಮ್ಮ ಯುಗಾದಿ ಊಟದ ಪಂಕ್ತಿಯಲ್ಲಿ ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತ ಕೂತವರಲ್ಲಿ ಯಾರ ಮಗ, ಯಾರ ಸೊಸೆ ಈ ಕೆಲಸಗಳಲ್ಲಿದ್ದಾರೋ ಹೇಳಲಾಗದು. ಮಕ್ಕಳಂತೂ ರಾಕೆಟ್ ಹಾರುವುದನ್ನೂ ಅದು ಮರಳಿ ಬಂದು ಕಾಲೂರಿ ನಿಲ್ಲುವುದನ್ನೂ ಕ್ರಿಕೆಟ್ ಪಂದ್ಯದ ಹಾಗೆ ನೋಡುತ್ತಾರೆ. ಇದೆಲ್ಲ ನಿನ್ನೆ ಮೊನ್ನೆ ಇಲ್ಲೇ ಹುಟ್ಟಿದ್ದು ಎಂದು ಅವರು ನಂಬಿದ್ದಾರೆ. ಆಕಾಶದಿಂದ ಹಳ್ಳಿಗೆ ಮಾತು ಇಳಿಸುವ ಪ್ರಯೋಗ ಐವತ್ತು ವರ್ಷಗಳ ಹಿಂದೆ ನಮ್ಮ ಬಿಜಾಪುರ, ರಾಯಚೂರು, ಗುಲ್ಬರ್ಗಾ ಜಿಲ್ಲೆಗಳಲ್ಲಿ ನಡೆದಿತ್ತೆಂಬುದು ಅವರಿಗೆ ಗೊತ್ತಿರಲಿ ಎಂಬುದೇ ಈ ಬರವಣಿಗೆಯ ಆಸೆ.

ಕರ್ನಾಟಕ ಮತ್ತು ರಾಕೆಟ್ ಎಂದೊಡನೆ ಮೈಸೂರಿನ ರಾಕೆಟ್ಟುಗಳು ನೆನಪಾಗುವುದು ಸಹಜ. ಹೈದರಾಲಿ ಮತ್ತು ಟಿಪ್ಪುವಿನ ಸೈನ್ಯ ಕಬ್ಬಿಣದ ಕೊಳವೆಗೆ ಮದ್ದು ತುಂಬಿ ಹಾರಿಸುತ್ತಿದ್ದ ರಾಕೆಟ್ಟುಗಳು 1780ರ ಪೊಲ್ಲಿಲೂರು ಕದನದಲ್ಲಿ ಇಂಗ್ಲಿಷರನ್ನು ಬೆಚ್ಚಿಸಿದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವುಗಳ ಮಾದರಿಗಳು ಇಂಗ್ಲೆಂಡಿನ ವೂಲಿಚ್‌ಗೆ ಹೋದವು. ಅವನ್ನು ನೋಡಿ ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ಟುಗಳನ್ನು ಮಾಡಿದ. ಆ ಕಾಂಗ್ರೀವ್ ರಾಕೆಟ್ಟುಗಳನ್ನೇ 1814ರಲ್ಲಿ ಇಂಗ್ಲಿಷರು ಬಾಲ್ಟಿಮೋರಿನ ಕೋಟೆಯ ಮೇಲೆ ಎಸೆದರು. ನಮ್ಮ ಮಕ್ಕಳು ಇಲ್ಲಿ ಶಾಲೆಯಲ್ಲಿ ಎದೆಯ ಮೇಲೆ ಕೈಯಿಟ್ಟು ಹಾಡುವ ರಾಷ್ಟ್ರಗೀತೆಯಲ್ಲಿ ರಾಕೆಟ್ಟಿನ ಪ್ರಸ್ತಾಪ ಬರುವುದು ಆ ರಾತ್ರಿಯ ಕಾರಣದಿಂದ. 2018ರಲ್ಲಿ ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ನಗರ ಎಂಬಲ್ಲಿ, ಹಿಂದಿನ ಬಿದನೂರಿನಲ್ಲಿ, ಒಂದು ಪಾಳುಬಾವಿಯ ಹೂಳು ತೆಗೆದಾಗ ಸಾವಿರಕ್ಕೂ ಹೆಚ್ಚು ಇಂಥ ರಾಕೆಟ್ಟುಗಳು ಸಿಕ್ಕಿದವು. ಹಾಗೆಂದು ಚಂದ್ರನಿಗೆ ಹೋದ ದಾರಿಯೆಲ್ಲ ಶ್ರೀರಂಗಪಟ್ಟಣದಿಂದಲೇ ಹೊರಟಿತೆಂದು ಎದೆ ಉಬ್ಬಿಸುವುದು ನನಗೆ ಒಗ್ಗದು. ಅವು ಯುದ್ಧದ ಆಯುಧಗಳು. ಒಮ್ಮೆ ಹಾರಿ ಸುಟ್ಟುಹೋಗಲೆಂದೇ ಮಾಡಿದವು. ನಾನು ಹೇಳಹೊರಟ ಕಥೆ ಬೇರೆ ಜಾತಿಯದು.

ಅದು ಶುರುವಾಗುವುದು ಬೆಂಗಳೂರಿನ ಪೀಣ್ಯದಲ್ಲಿ. 1972ರಲ್ಲಿ ಭಾರತಕ್ಕೂ ಸೋವಿಯತ್ ದೇಶಕ್ಕೂ ಒಪ್ಪಂದವಾಗಿ, ನಮ್ಮ ಉಪಗ್ರಹವನ್ನು ಅವರ ರಾಕೆಟ್ ಹೊತ್ತೊಯ್ಯುವುದೆಂದು ನಿಶ್ಚಯವಾಯಿತು. ಉಪಗ್ರಹ ಕಟ್ಟುವ ಹೊಣೆ ಉಡುಪಿ ಬಳಿಯ ಅದಮಾರಿನ ಪ್ರೊ. ಯು.ಆರ್. ರಾವ್ ಅವರ ಮೇಲೆ ಬಿತ್ತು. ಪೀಣ್ಯ ಕೈಗಾರಿಕಾ ಬಡಾವಣೆಯ ಕಲ್ನಾರು ಹೊದಿಕೆಯ ಶೆಡ್ಡುಗಳಲ್ಲಿ ಕೆಲಸ. ಅಲ್ಲಿದ್ದವರಲ್ಲಿ ಬಹುಮಂದಿ ಆಗತಾನೆ ಕಾಲೇಜು ಬಿಟ್ಟ ಹುಡುಗರು. ಉಪಗ್ರಹವೆಂಬುದನ್ನು ಕಣ್ಣಿನಿಂದ ಕಂಡವರಲ್ಲ. ಜಾಗದ ಅಭಾವಕ್ಕೆ ಒಂದು ಶೌಚಾಲಯವನ್ನೇ ಮಾಹಿತಿ ಸ್ವೀಕರಿಸುವ ಕೋಣೆಯಾಗಿ ಮಾರ್ಪಡಿಸಿದರಂತೆ. 360 ಕಿಲೋ ತೂಕದ 'ಆರ್ಯಭಟ' 1975ರ ಏಪ್ರಿಲ್ 19ರಂದು ಮೇಲೇರಿತು. ಐದನೆಯ ದಿನದ ಹೊತ್ತಿಗೆ ಪ್ರಯೋಗಗಳಿಗೆ ವಿದ್ಯುತ್ ಒದಗಿಸುವ ಭಾಗ ಕೆಟ್ಟು ವೈಜ್ಞಾನಿಕ ಕೆಲಸ ನಿಂತರೂ ಉಪಗ್ರಹ ವರ್ಷಗಟ್ಟಲೆ ಸಂಕೇತ ಕಳಿಸುತ್ತಲೇ ಇತ್ತು. ನಮ್ಮ ಹಳೆಯ ಎರಡು ರೂಪಾಯಿ ನೋಟಿನ ಹಿಂಬದಿಯಲ್ಲಿ ಇದ್ದದ್ದು ಇದೇ ಆರ್ಯಭಟ. ಊರಿನ ಟ್ರಂಕಿನಲ್ಲಿ ಒಂದೆರಡು ನೋಟು ಉಳಿದಿದ್ದರೆ ಮಕ್ಕಳಿಗೆ ತೋರಿಸಿ.

ಅದೇ 1975ರಲ್ಲಿ ಇನ್ನೊಂದು ಕೆಲಸ ನಡೆಯಿತು. ನನ್ನ ಮಟ್ಟಿಗೆ ಅದು ಆರ್ಯಭಟಕ್ಕಿಂತಲೂ ದೊಡ್ಡದು. ವಿಕ್ರಂ ಸಾರಾಭಾಯಿಯವರು 1969ರಲ್ಲೇ ಅಮೆರಿಕದ ನಾಸಾದೊಡನೆ ಮಾತಾಡಿ ಒಂದು ಒಪ್ಪಂದಕ್ಕೆ ಬುನಾದಿ ಹಾಕಿದ್ದರು. ನಾಸಾದ ಎ.ಟಿ.ಎಸ್-6 ಎಂಬ ಉಪಗ್ರಹವನ್ನು ಒಂದು ವರ್ಷ ಭಾರತ ಎರವಲು ಪಡೆಯುವುದು. ದೇಶದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಲ್ಲಿ ಟೆಲಿವಿಷನ್ ಪೆಟ್ಟಿಗೆ ಇಟ್ಟು, ಕೋಳಿಬಲೆಯಂಥ ತಂತಿಜಾಲದ ಹತ್ತು ಅಡಿಯ ಬಟ್ಟಲಿನಿಂದ ನೇರವಾಗಿ ಆಕಾಶದ ಸಂಕೇತ ಹಿಡಿಯುವುದು. ಈ ಪ್ರಯೋಗವನ್ನು 'ಸೈಟ್' ಎಂದು ಕರೆದರು. ಸಾರಾಭಾಯಿ 1971ರಲ್ಲಿ ತೀರಿಕೊಂಡರು. ಅವರು ಹಾಕಿದ ಬೀಜ 1975ರ ಆಗಸ್ಟ್ 1ರಂದು ಮೊಳೆಯಿತು.

ನಮ್ಮ ಪಾಲಿಗೆ ಬಂದ ಜಿಲ್ಲೆಗಳು ಗುಲ್ಬರ್ಗಾ, ರಾಯಚೂರು, ಬಿಜಾಪುರ. ಗಮನಿಸಿ, ಆಗ ಬೆಂಗಳೂರಿನಲ್ಲೇ ಟೆಲಿವಿಷನ್ ಇರಲಿಲ್ಲ. ರಾಜಧಾನಿಯ ಸಾಹುಕಾರರಿಗೆ ಇಲ್ಲದ್ದು ಬರಗಾಲದ ಸೀಮೆಯ ಹಳ್ಳಿಯ ಶಾಲೆಗೆ ಬಂತು. ಬೆಳಿಗ್ಗೆ ಶಾಲಾಮಕ್ಕಳಿಗೆ ಒಂದೂವರೆ ಗಂಟೆಯ ಪ್ರಸಾರವನ್ನು ಕನ್ನಡ, ತೆಲುಗು, ಒರಿಯಾ, ಹಿಂದಿ ನಾಲ್ಕೂ ಭಾಷೆಗಳು ಹಂಚಿಕೊಂಡವು. ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯ, ಕುಟುಂಬಯೋಜನೆ, ಸ್ವಲ್ಪ ಹಾಡು ಕುಣಿತ. ವಿದ್ಯುತ್ ಇಲ್ಲದ ಕೆಲವೆಡೆ ಬ್ಯಾಟರಿಯ ಮೇಲೆ ಪೆಟ್ಟಿಗೆ ನಡೆಯಿತು. ನನ್ನ ತಾಯಿಯ ತವರು ಬಿಜಾಪುರ ಜಿಲ್ಲೆ. ಆಗ ಇಪ್ಪತ್ತರ ಪ್ರಾಯದ ಅವರು ಪಕ್ಕದ ಊರಿನ ಶಾಲೆಯಂಗಳದಲ್ಲಿ ಚಾಪೆ ಹಾಸಿಕೊಂಡು ಕೂತು ನೋಡಿದ್ದನ್ನು ಈಗಲೂ ಹೇಳುತ್ತಾರೆ. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಬಾಣಂತಿಯ ಆರೈಕೆಯ ಕಾರ್ಯಕ್ರಮ ಬಂದಾಗ ಗಂಡಸರೆಲ್ಲ ಎದ್ದು ಬೀಡಿ ಹಚ್ಚಲು ಹೋದರಂತೆ, ಹೆಂಗಸರು ಇನ್ನೂ ಮುಂದೆ ಸರಿದು ಕೂತರಂತೆ. ವೈದ್ಯಕೀಯದಲ್ಲಿ ಇಷ್ಟು ವರ್ಷ ಕಳೆದ ಮೇಲೆ ನನಗನ್ನಿಸುವುದು, ಆರೋಗ್ಯಶಿಕ್ಷಣ ಎಂದು ನಾವು ಕೊಡುವ ಉಪನ್ಯಾಸಗಳಲ್ಲಿ ಆ ಮುಂದೆ ಸರಿದು ಕೂರುವ ಕ್ಷಣ ಎಷ್ಟು ಸಲ ಬಂದೀತು?

ಆಮೇಲೆ ಏನಾಯಿತು? ಒಂದು ವರ್ಷ ಮುಗಿಯಿತು. 1976ರ ಜುಲೈ 31ರಂದು ಪ್ರಸಾರ ನಿಂತಿತು. ಎರವಲು ತಂದ ಉಪಗ್ರಹವನ್ನು ಅದರ ಒಡೆಯರು ಮತ್ತೆ ಪಶ್ಚಿಮಕ್ಕೆ ಸರಿಸಿಕೊಂಡರು. ಒಪ್ಪಂದ ಇದ್ದದ್ದೇ ಹಾಗೆ, ಯಾರದೂ ಮೋಸವಿಲ್ಲ. ಆದರೆ ಶಾಲೆಯಂಗಳದಲ್ಲಿ ಕೂತವರಿಗೆ ಒಪ್ಪಂದದ ಕಾಗದ ಯಾರು ಓದಿ ಹೇಳಿದ್ದರು? ಮರುದಿನ ಸಂಜೆಯೂ ಜನ ಚಾಪೆ ತಂದಿದ್ದರು ಎನ್ನುತ್ತಾರೆ ನನ್ನ ತಾಯಿ. 1977ರಲ್ಲಿ ಗುಲ್ಬರ್ಗಾದಲ್ಲಿ ಭೂಮಿಯ ಮೇಲಿನ ಪ್ರಸಾರಕೇಂದ್ರ ಬಂದು ಒಂದಷ್ಟು ಹಳ್ಳಿಗಳಿಗೆ ಚಿತ್ರ ಮರಳಿತು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ಉಳಿದ ಹಳ್ಳಿಗಳು ಮತ್ತೆ ವರ್ಷಗಟ್ಟಲೆ ಕಾದವು.

ಈ ಅನುಭವದಿಂದ ಇಸ್ರೋ ಕಲಿತ ಪಾಠ ಸರಳ: ನಮ್ಮದೇ ಉಪಗ್ರಹ ಬೇಕು. 1981ರಲ್ಲಿ 'ಆಪಲ್' ಬಂತು. ಆ ಉಪಗ್ರಹವನ್ನು ಎತ್ತಿನ ಗಾಡಿಯ ಮೇಲೆ ಇಟ್ಟ ಚಿತ್ರವನ್ನು ಪರದೇಶದ ಪತ್ರಿಕೆಗಳು ಭಾರತವನ್ನು ಗೇಲಿ ಮಾಡಲು ಬಳಸುವುದುಂಟು. ಮರದ ಗಾಡಿ ತಂದದ್ದು ಬಡತನದಿಂದಲ್ಲ. ಆಂಟೆನಾ ಪರೀಕ್ಷೆಗೆ ಲೋಹವಿಲ್ಲದ ವಾಹನ ಬೇಕಿತ್ತು, ಅಷ್ಟೆ. 1982ರಲ್ಲಿ ಹಾಸನದಲ್ಲಿ ಇನ್ಸಾಟ್ ಸರಣಿಗಾಗಿ ಮುಖ್ಯ ನಿಯಂತ್ರಣ ಕೇಂದ್ರ ಸ್ಥಾಪನೆಯಾಯಿತು. ಮೊದಲ ಇನ್ಸಾಟ್ ಕೆಲವೇ ತಿಂಗಳಲ್ಲಿ ಕೆಟ್ಟಿತು. ಎರಡನೆಯದು, ಇನ್ಸಾಟ್-1ಬಿ, 1983ರ ಆಗಸ್ಟ್ 30ರಂದು ಹೊರಟಿತು. ಅದು ಹೋದದ್ದು ಯಾವುದರಲ್ಲಿ ಗೊತ್ತೇ? ಅಮೆರಿಕದ ಸ್ಪೇಸ್ ಷಟಲ್ 'ಚಾಲೆಂಜರ್'ನ ಹೊಟ್ಟೆಯಲ್ಲಿ, ಅಂದರೆ ಮತ್ತೆ ಮತ್ತೆ ಬಳಸುವ ನೌಕೆಯಲ್ಲಿ. ಆ ಯಾನದಲ್ಲಿ ಡಾ. ವಿಲಿಯಂ ಥಾರ್ನ್‌ಟನ್ ಎಂಬ ನಮ್ಮ ವೃತ್ತಿಬಾಂಧವರೂ ಇದ್ದರು. ಎಂಬತ್ತರ ದಶಕದಲ್ಲಿ ನಮ್ಮ ಬೀದಿಗಳ ಮಾಡುಗಳ ಮೇಲೆ ಆಂಟೆನಾಗಳು ಅಣಬೆಯಂತೆ ಎದ್ದದ್ದು, ಭಾನುವಾರ ಬೆಳಿಗ್ಗೆ ರಾಮಾಯಣಕ್ಕೆ ಊರು ಸ್ತಬ್ಧವಾದದ್ದು, ಇದರ ಹಿಂದೆ ಹಾಸನದಿಂದ ನಡೆಸುತ್ತಿದ್ದ ಆ ಉಪಗ್ರಹವಿತ್ತು.

ಮುಂದಿನ ಇನ್ಸಾಟ್ ಒಯ್ಯುವ ಷಟಲ್‌ನಲ್ಲಿ ಒಬ್ಬ ಭಾರತೀಯ ಇಂಜಿನಿಯರಿಗೂ ಆಸನ ಗೊತ್ತಾಗಿತ್ತು. ಅದಕ್ಕೆ ಆಯ್ಕೆಯಾಗಿದ್ದ ಇಬ್ಬರಲ್ಲಿ ಒಬ್ಬರು ಬೆಂಗಳೂರಿನ ಉಪಗ್ರಹ ಕೇಂದ್ರದ ಎನ್.ಸಿ. ಭಟ್, ಇನ್ನೊಬ್ಬರು ಪಿ. ರಾಧಾಕೃಷ್ಣನ್. ಆ ಯಾನ ನಡೆಯಲೇ ಇಲ್ಲ. 1986ರ ಜನವರಿ 28ರಂದು ಅದೇ ಚಾಲೆಂಜರ್ ಏಳು ಮಂದಿಯೊಡನೆ ಆಕಾಶದಲ್ಲಿ ಒಡೆದುಹೋಯಿತು. ಅದರ ನಾಯಕ ಡಿಕ್ ಸ್ಕೋಬಿ ನಮ್ಮ ವಾಷಿಂಗ್ಟನ್ ರಾಜ್ಯದವರು. ಇಸ್ಸಾಕ್ವಾದಿಂದ ಹೆದ್ದಾರಿ ಹಿಡಿದು ಸ್ನೋಕ್ವಾಲ್ಮಿ ಕಣಿವೆ ದಾಟಿದರೆ ಸಿಗುವ ಕ್ಲೆ ಎಲಮ್ ಅವರು ಹುಟ್ಟಿದ ಊರು. ಹದಿನೇಳು ವರ್ಷಗಳ ಮೇಲೆ, 2003ರ ಫೆಬ್ರವರಿ 1ರಂದು 'ಕೊಲಂಬಿಯಾ' ಮರಳುವಾಗ ನಾಶವಾಯಿತು. ನಾವು ಕಲ್ಪನಾ ಚಾವ್ಲಾಗಾಗಿ ಅತ್ತ ದಿನ ಸ್ಪೋಕೇನ್ ಪಟ್ಟಣ ತಾನು ಮಗನೆಂದು ಕರೆಯುತ್ತಿದ್ದ ಮೈಕೆಲ್ ಆಂಡರ್ಸನ್‌ಗಾಗಿ ಅತ್ತಿತು. ಅಲ್ಲಿಯೂ ಇಲ್ಲಿಯೂ ಒಂದೇ ನೌಕೆಯ ದುಃಖ.

ಷಟಲ್ ಬಗ್ಗೆ ವೈದ್ಯನ ಭಾಷೆಯಲ್ಲಿ ಒಂದು ಮಾತು ಹೇಳುತ್ತೇನೆ. ನಾನು ಚಿಕ್ಕವನಿದ್ದಾಗ ನಮ್ಮೂರ ಡಾಕ್ಟರ ಮೇಜಿನ ಮೇಲೆ ಸ್ಟೀಲ್ ಡಬ್ಬಿಯಲ್ಲಿ ಗಾಜಿನ ಸಿರಿಂಜು ಕುದಿಯುತ್ತಿತ್ತು. ಆ ಗುಳುಗುಳು ಸದ್ದಿಗೇ ನಮಗೆ ಜ್ವರ ಇಳಿಯುತ್ತಿತ್ತು. ಎಂ.ಬಿ.ಬಿ.ಎಸ್. ಮುಗಿಸಿ ರೆಸಿಡೆನ್ಸಿಗೆ ಇಲ್ಲಿ ಬಂದರೆ ಎಲ್ಲವೂ ಒಮ್ಮೆ ಬಳಸಿ ಬಿಸಾಡುವುದೇ. ಮೊದಮೊದಲು ಕಸದ ಡಬ್ಬಿ ನೋಡಿ ಕರುಳು ಚುರ್ ಎನ್ನುತ್ತಿತ್ತು. ಆಮೇಲೆ ಲೆಕ್ಕ ಅರ್ಥವಾಯಿತು: ತೊಳೆದು, ಕುದಿಸಿ, ಪರೀಕ್ಷಿಸಿ ಮತ್ತೆ ಬಳಸುವ ಖರ್ಚು ಮತ್ತು ಅಪಾಯ ಹೊಸದರ ಬೆಲೆಗಿಂತ ಹೆಚ್ಚಾದರೆ ಮರುಬಳಕೆ ಬರೀ ಹೆಸರಿಗೆ. ಷಟಲ್‌ನ ಗತಿ ಅದೇ ಆಯಿತು. ಪ್ರತಿ ಯಾನದ ನಂತರ ಅದರ ಮೈಗೆ ಅಂಟಿಸಿದ ಇಪ್ಪತ್ತು ಸಾವಿರಕ್ಕೂ ಮೀರಿದ ಬಿಲ್ಲೆಗಳನ್ನು ತಪಾಸಣೆ ಮಾಡಬೇಕು, ಇಂಜಿನ್ ಬಿಚ್ಚಿ ನೋಡಬೇಕು. ವಾರಕ್ಕೊಂದು ಯಾನವೆಂದು ಹೊರಟದ್ದು, ಅತಿ ಹೆಚ್ಚೆಂದರೆ 1985ರಲ್ಲಿ ಒಂಬತ್ತು ಸಲ ಹಾರಿತು. 1981ರಿಂದ 2011ರವರೆಗೆ ಒಟ್ಟು 135 ಯಾನ. ಸುಂದರವಾದ ನೌಕೆ, ಸಂಶಯವಿಲ್ಲ. ಅಗ್ಗದ ನೌಕೆ ಎಂದೂ ಆಗಲಿಲ್ಲ.

ಇನ್ನು ನಮ್ಮ ಈ ಊರುಗಳ ಕಡೆಗೆ ಬರೋಣ. ತೊಂಬತ್ತರ ದಶಕದಲ್ಲಿ ಇಲ್ಲಿಗೆ ಬಂದ ಹಿರಿಯ ಸದಸ್ಯರಿಗೆ ಊರಿಗೆ ಫೋನ್ ಮಾಡುವ ಕಷ್ಟ ನೆನಪಿರಬೇಕು. ಉಪಗ್ರಹದ ಮೂಲಕ ಹೋದ ಕರೆಯಲ್ಲಿ ನಾವು 'ಅಮ್ಮಾ' ಎಂದರೆ ಅರೆಕ್ಷಣ ಬಿಟ್ಟು ಅತ್ತಲಿಂದ 'ಹಲೋ', ಅಷ್ಟರಲ್ಲಿ ನಾವೂ 'ಹಲೋ', ಇಬ್ಬರ ಮಾತೂ ಡಿಕ್ಕಿ ಹೊಡೆದು ಒಂದು ನಿಮಿಷ ವ್ಯರ್ಥ. ತಪ್ಪು ಅಮ್ಮನದಲ್ಲ, ದೂರದ್ದು. ಭೂಮಿಯ ಜೊತೆಗೇ ತಿರುಗುತ್ತ ಒಂದೇ ಕಡೆ ನಿಂತಂತೆ ಕಾಣುವ ಉಪಗ್ರಹ ಸುಮಾರು 36,000 ಕಿಲೋಮೀಟರ್ ಮೇಲಿರುತ್ತದೆ. ಮಾತು ಮೇಲೇರಿ ಇಳಿಯಲು ಕಾಲು ಸೆಕೆಂಡು, ಉತ್ತರ ಬರಲು ಇನ್ನೊಂದು ಕಾಲು. ಉಪಗ್ರಹವನ್ನು ಹತ್ತಿರಕ್ಕೆ ತಂದರೆ ಈ ವಿಳಂಬ ಹೋಗುತ್ತದೆ. ಆದರೆ ಹತ್ತಿರ ಬಂದ ಉಪಗ್ರಹ ಆಕಾಶದಲ್ಲಿ ನಿಲ್ಲುವುದಿಲ್ಲ. ಕೆಲವೇ ನಿಮಿಷಗಳಲ್ಲಿ ದಿಗಂತ ದಾಟಿಬಿಡುತ್ತದೆ. ಒಂದು ಹೋದಂತೆ ಇನ್ನೊಂದು ಬರಬೇಕು. ಹೀಗೆ ಭೂಮಿಯ ಸುತ್ತ ನೂರಾರು, ಸಾವಿರಾರು ಬೇಕು.

ಈ ಯೋಚನೆಯನ್ನು ಮೊದಲು ದೊಡ್ಡದಾಗಿ ಸಾರಿದವರು ಸ್ಪೇಸ್‌ಎಕ್ಸ್‌ನವರಲ್ಲ, ಕರ್ಕ್‌ಲ್ಯಾಂಡಿನಲ್ಲಿ ಮನೆಮಾಡಿದ್ದ ಟೆಲಿಡೆಸಿಕ್ ಎಂಬ ಕಂಪೆನಿ. ಸೆಲ್ ಫೋನ್ ವ್ಯಾಪಾರದಲ್ಲಿ ಹೆಸರಾದ ಕ್ರೇಗ್ ಮೆಕಾ ಮತ್ತು ಬಿಲ್ ಗೇಟ್ಸ್ ಅದರ ಹಿಂದಿದ್ದರು. 1994ರಲ್ಲಿ ಅವರು ಪ್ರಕಟಿಸಿದ ಯೋಜನೆಯಲ್ಲಿ 840 ಉಪಗ್ರಹಗಳಿದ್ದವು; ನಂತರ ಅದು 288ಕ್ಕೆ ಇಳಿಯಿತು. ಖರ್ಚಿನ ಅಂದಾಜು 9 ಬಿಲಿಯನ್ ಡಾಲರ್. ಬೋಯಿಂಗ್ ಬಂತು, ಮೊಟರೋಲಾ ಬಂತು, 1998ರಲ್ಲಿ ಒಂದು ಪುಟ್ಟ ಪರೀಕ್ಷಾ ಉಪಗ್ರಹ ಮೇಲೂ ಹೋಯಿತು. 2002ರಲ್ಲಿ ಅಂಗಡಿ ಮುಚ್ಚಿತು. ಅದಕ್ಕೆ ಮೊದಲೇ 66 ಉಪಗ್ರಹಗಳ ಇರಿಡಿಯಂ 1999ರಲ್ಲಿ ದಿವಾಳಿಯಾಗಿ ಹಣ ಹಾಕುವವರನ್ನು ಹೆದರಿಸಿತ್ತು. ನೆಲದ ಮೇಲಿನ ನಾರುತಂತಿ ಮತ್ತು ಸೆಲ್ ಗೋಪುರ ವೇಗವಾಗಿ ಹಬ್ಬಿದ್ದೂ ಒಂದು ಕಾರಣ. ಆದರೆ ಮೂಲ ರೋಗ ಒಂದೇ: ಪ್ರತಿ ಹಾರಾಟಕ್ಕೂ ಒಂದು ಹೊಸ ರಾಕೆಟ್ ಕಟ್ಟಿ ಸಮುದ್ರಕ್ಕೆ ಎಸೆಯಬೇಕಾದರೆ ನೂರಾರು ಉಪಗ್ರಹಗಳನ್ನು ಮೇಲಿಡುವ ಲೆಕ್ಕ ಕೂಡುವುದಿಲ್ಲ. ಬೆಂಗಳೂರಿನಿಂದ ಮೈಸೂರಿಗೆ ಹೋದ ಬಸ್ಸನ್ನು ಪ್ರತಿಸಲವೂ ಕಾವೇರಿಗೆ ತಳ್ಳಿ ಬಂದರೆ ಟಿಕೆಟ್ ಎಷ್ಟಾದೀತು?

ಬಸ್ಸು ಮರಳಿ ಬಂದದ್ದು 2015ರಲ್ಲಿ. ಆ ವರ್ಷದ ನವೆಂಬರ್ 23ರಂದು ಕೆಂಟ್‌ನ ಬ್ಲೂ ಒರಿಜಿನ್ ಕಂಪೆನಿಯ 'ನ್ಯೂ ಶೆಪರ್ಡ್' ನೂರು ಕಿಲೋಮೀಟರ್ ಎತ್ತರ ಮುಟ್ಟಿ ಟೆಕ್ಸಾಸಿನಲ್ಲಿ ನೆಟ್ಟಗೆ ಇಳಿಯಿತು. ಅದು ಮೇಲೆ ಹೋಗಿ ಕೆಳಗೆ ಬಂದದ್ದು, ಕಕ್ಷೆಗೆ ಏನನ್ನೂ ಒಯ್ಯಲಿಲ್ಲ. ಡಿಸೆಂಬರ್ 21ರಂದು ಸ್ಪೇಸ್‌ಎಕ್ಸ್‌ನ 'ಫಾಲ್ಕನ್ 9' ಹನ್ನೊಂದು ಉಪಗ್ರಹಗಳನ್ನು ಕಕ್ಷೆಗೆ ಕಳಿಸಿ, ಅದರ ಕೆಳಭಾಗ ಹಿಂದಿರುಗಿ ಫ್ಲಾರಿಡಾದಲ್ಲಿ ನಿಂತಿತು. 2017ರ ಮಾರ್ಚ್ 30ರಂದು ಹಾಗೆ ಮರಳಿದ ರಾಕೆಟ್ಟನ್ನೇ ಎರಡನೆಯ ಸಲ ಹಾರಿಸಿದರು. ಅದರ ಕೆಲಸ ಹೀಗೆ: ಒಂಬತ್ತು ಇಂಜಿನ್‌ಗಳ ಕೆಳಹಂತ ವಾಯುಮಂಡಲದ ದಪ್ಪ ಪದರ ದಾಟಿಸಿ, ಮೇಲಿನ ಹಂತವನ್ನು ಬಿಟ್ಟುಕೊಟ್ಟು, ತಾನು ಬೆನ್ನು ತಿರುಗಿಸಿ, ಕೆಲವು ಇಂಜಿನ್‌ಗಳನ್ನು ಮತ್ತೆ ಹೊತ್ತಿಸಿ ವೇಗ ತಗ್ಗಿಸುತ್ತದೆ. ಜಾಲರಿಯಂಥ ರೆಕ್ಕೆಗಳಿಂದ ದಿಕ್ಕು ಹಿಡಿಯುತ್ತದೆ. ಕೊನೆಯ ಕ್ಷಣಗಳಲ್ಲಿ ಮತ್ತೊಮ್ಮೆ ಬೆಂಕಿ ಉಗುಳಿ, ಕಾಲು ಚಾಚಿ, ನೆಲದ ಮೇಲೋ ಸಮುದ್ರದ ತೆಪ್ಪದ ಮೇಲೋ ನಿಲ್ಲುತ್ತದೆ. ಮೇಲಿನ ಹಂತ ಈಗಲೂ ಬಿಸಾಡುವಂಥದೇ. ಆದರೂ ದುಬಾರಿ ಭಾಗ ಉಳಿಯಿತು. ಒಂದೇ ಕೆಳಹಂತ 30ಕ್ಕೂ ಹೆಚ್ಚು ಸಲ ಹಾರಿದ್ದುಂಟು. ನಮ್ಮ ಇಸ್ಸಾಕ್ವಾ ತೊರೆಗೆ ಪ್ರತಿ ಶರತ್ಕಾಲ ಸಾಲ್ಮನ್ ಮೀನು ಸಮುದ್ರದಿಂದ ಮರಳುವುದನ್ನು ಸೇತುವೆಯ ಮೇಲೆ ನಿಂತು ನೋಡುವ ನಮಗೆ ಮರಳಿ ಬರುವುದು ಹೊಸದಲ್ಲ. ಪಾಪ, ಸಾಲ್ಮನ್ ಬಂದದ್ದು ಮತ್ತೆ ಹೋಗುವುದಿಲ್ಲ.

ಫಾಲ್ಕನ್ ನೆಲಕ್ಕೆ ಇಳಿಯುವ ಮುನ್ನವೇ, 2015ರ ಜನವರಿಯಲ್ಲಿ, ಸ್ಪೇಸ್‌ಎಕ್ಸ್ ತನ್ನ ಉಪಗ್ರಹ ವಿಭಾಗವನ್ನು ಸಿಯಾಟಲ್ ಪ್ರದೇಶದಲ್ಲಿ ತೆರೆಯುವುದಾಗಿ ಹೇಳಿತ್ತು. ಇಲ್ಲಿ ಸಿಗುವ ಸಾಫ್ಟ್‌ವೇರ್ ಮತ್ತು ವಿಮಾನ ಇಂಜಿನಿಯರುಗಳಿಗಾಗಿ ಅದು ಬಂತು. 2018ರಲ್ಲಿ ಎರಡು ಪರೀಕ್ಷಾ ಉಪಗ್ರಹ, 2019ರ ಮೇ ತಿಂಗಳಲ್ಲಿ ಒಂದೇ ರಾಕೆಟ್ಟಿನಲ್ಲಿ ಅರವತ್ತು. ಸುಮಾರು 550 ಕಿಲೋಮೀಟರ್ ಎತ್ತರ. ಅಮ್ಮನ 'ಹಲೋ' ತಡವಾಗದಷ್ಟು ಹತ್ತಿರ. 2025ರ ಕೊನೆಯ ಹೊತ್ತಿಗೆ ಹೀಗೆ ಮೇಲಿದ್ದವು 9000ದ ಆಸುಪಾಸು. ಅಮೆಜಾನ್ 2025ರ ಏಪ್ರಿಲ್‌ನಲ್ಲಿ ತನ್ನ ಮೊದಲ 27 ಉಪಗ್ರಹಗಳನ್ನು ಕಳಿಸಿತು. ಅವು ಹೋದದ್ದು ಹಳೆಯ ಕಾಲದ, ಬಿಸಾಡುವ ರಾಕೆಟ್ಟಿನಲ್ಲಿ. ಮುಂದೆ ಕೆಲವನ್ನು ಪ್ರತಿಸ್ಪರ್ಧಿಯ ಫಾಲ್ಕನ್‌ಗೇ ಕೊಡಬೇಕಾಯಿತು. ವ್ಯಾಪಾರದಲ್ಲಿ ಅಭಿಮಾನ ನಡೆಯದು.

ಇದರಿಂದ ಜನಕ್ಕೆ ಆದದ್ದೇನು? ನಮ್ಮ ರಾಜ್ಯದ ಎರಡು ಉದಾಹರಣೆ ಸಾಕು. 2020ರ ಸೆಪ್ಟೆಂಬರ್‌ನಲ್ಲಿ ಪೂರ್ವ ವಾಷಿಂಗ್ಟನ್ನಿನ ಮಾಲ್ಡೆನ್ ಎಂಬ ಪುಟ್ಟ ಊರು ಕಾಳ್ಗಿಚ್ಚಿಗೆ ಬಹುಪಾಲು ಸುಟ್ಟುಹೋಯಿತು. ತಂತಿ, ಕಂಬ ಯಾವುದೂ ಇರಲಿಲ್ಲ. ರಾಜ್ಯದ ತುರ್ತು ವಿಭಾಗದವರು ಸ್ಟಾರ್‌ಲಿಂಕ್ ಬಟ್ಟಲು ಇಟ್ಟು ಊರಿಗೆ ಇಂಟರ್‌ನೆಟ್ ಕೊಟ್ಟರು. ಅದೇ ವರ್ಷ ಪೆಸಿಫಿಕ್ ದಂಡೆಯ ಹೋ ಎಂಬ ಮೂಲನಿವಾಸಿಗಳ ಹಳ್ಳಿಗೂ ಅದು ತಲುಪಿತು. ಕೋವಿಡ್ ಕಾಲ, ಮಕ್ಕಳ ಪಾಠ, ವೈದ್ಯರ ಭೇಟಿ ಎಲ್ಲವೂ ಪರದೆಯ ಮೇಲೆ. ಆ ದಿನಗಳಲ್ಲಿ ವೀಡಿಯೋದಲ್ಲಿ ರೋಗಿಗಳನ್ನು ನೋಡುತ್ತಿದ್ದ ನನಗೆ ಹಳ್ಳಿಗಾಡಿನವರ ಮುಖ ಮಧ್ಯದಲ್ಲೇ ಚೌಕಚೌಕವಾಗಿ ಒಡೆದು ಮಾಯವಾಗುವ ಸಂಕಟ ಚೆನ್ನಾಗಿ ಗೊತ್ತು. ಎದೆನೋವು ಎಡಗಡೆಗೋ ಬಲಗಡೆಗೋ ಎಂದು ಕೇಳುವಷ್ಟರಲ್ಲಿ ಸಂಪರ್ಕ ಕಡಿದರೆ ವೈದ್ಯನ ಎದೆಯೂ ಬಡಿದುಕೊಳ್ಳುತ್ತದೆ. ಇದಕ್ಕೂ ಕರ್ನಾಟಕದಲ್ಲಿ ಪೂರ್ವಪಂಕ್ತಿಯಿದೆ: ಈ ಶತಮಾನದ ಆರಂಭದ ವರ್ಷಗಳಲ್ಲೇ ಇಸ್ರೋ ತನ್ನ ಉಪಗ್ರಹದ ಮೂಲಕ ಬೆಂಗಳೂರಿನ ನಾರಾಯಣ ಹೃದಯಾಲಯವನ್ನು ಚಾಮರಾಜನಗರದ ಜಿಲ್ಲಾಸ್ಪತ್ರೆಗೂ, ಹೆಗ್ಗಡದೇವನಕೋಟೆ ತಾಲ್ಲೂಕಿನ ಸರಗೂರಿನ ವಿವೇಕಾನಂದ ಆಸ್ಪತ್ರೆಗೂ ಜೋಡಿಸಿತ್ತು. ಕಾಡಂಚಿನ ರೋಗಿಯ ಹೃದಯದ ಗೆರೆಗಳನ್ನು ಬೆಂಗಳೂರಿನ ತಜ್ಞರು ಓದಿದರು.

ಹೀಗಿರುವಾಗ ನಾನು ಉತ್ಸಾಹಕ್ಕೆ ತಣ್ಣೀರು ಎರಚುವವನಲ್ಲ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದಾಗ ನಮಗಿಲ್ಲಿ ಬೆಳಗಿನ ಜಾವ 5 ಗಂಟೆ 34 ನಿಮಿಷ. ಇಸ್ರೋದ ಯೂಟ್ಯೂಬ್ ಪ್ರಸಾರವನ್ನು ಒಮ್ಮೆಗೇ 80 ಲಕ್ಷದಷ್ಟು ಜನ ನೋಡುತ್ತಿದ್ದರು. ನಮ್ಮ ಮನೆಯ ನಾಲ್ವರು ಕಂಬಳಿ ಹೊದ್ದು ಅವರಲ್ಲಿ ಸೇರಿದ್ದೆವು. ನಿಯಂತ್ರಣ ನಡೆದದ್ದು ಪೀಣ್ಯದಿಂದ. ಹೌದು, ಆರ್ಯಭಟನ ಶೆಡ್ಡುಗಳಿದ್ದ ಅದೇ ಪೀಣ್ಯ. ಕನ್ನಡ ಬಾರದೆಂದು ಹಟ ಹಿಡಿಯುವ ನನ್ನ ಮಗ ಅಂದು ಅಜ್ಜಿಗೆ ತಾನೇ ಫೋನ್ ಮಾಡಿ ಕನ್ನಡದಲ್ಲಿ ಚಂದ್ರನ ಸುದ್ದಿ ಹೇಳಿದ. ಅದಕ್ಕಿಂತ ಹೆಚ್ಚಿನ ಪ್ರಚಾರ ಗಗನಯಾನಕ್ಕೆ ಬೇಕಿಲ್ಲ.

ಆದರೆ ಸೈಟ್ ಕಥೆ ತಿಳಿದವನಿಗೆ ಒಂದು ಪ್ರಶ್ನೆ ಬಿಡುವುದಿಲ್ಲ. ಬಟ್ಟಲು ನಮ್ಮ ಮಾಡಿನ ಮೇಲಿದೆ, ಗುಂಡಿ ಯಾರ ಕೈಯಲ್ಲಿದೆ? 1976ರಲ್ಲಿ ಅದು ಒಂದು ಸರ್ಕಾರದ ಕೈಯಲ್ಲಿತ್ತು. ಇಂದು ಬಹುಪಾಲು ಒಂದು ಕಂಪೆನಿಯ ಕೈಯಲ್ಲಿದೆ. ಭಾರತ ಸರ್ಕಾರ ಸ್ಟಾರ್‌ಲಿಂಕ್‌ಗೆ ಪರವಾನಗಿ ಕೊಡಲು 2025ರ ಜೂನ್‌ವರೆಗೆ ಎಳೆದಾಗ ನಮ್ಮಲ್ಲಿ ಹಲವರು ಅದನ್ನು ಬಾಬುಗಳ ಸೋಮಾರಿತನ ಎಂದು ನಕ್ಕರು. ಸೋಮಾರಿತನವೂ ಇದ್ದೀತು. ಎರವಲಿನ ಆಕಾಶದ ಅನುಭವವೂ ಅದರಲ್ಲಿ ಇರಬಾರದೇಕೆ? ಖಗೋಳವಿಜ್ಞಾನಿಗಳ ದೂರು ಬೇರೆ: ಸಾವಿರಾರು ಹೊಳೆಯುವ ಚುಕ್ಕೆಗಳು ಅವರ ದೂರದರ್ಶಕಗಳ ಚಿತ್ರಗಳನ್ನು ಗೀಚುತ್ತಿವೆ. ಲಡಾಖಿನ ಹಾನ್ಲೆಯ ದೂರದರ್ಶಕವನ್ನು ನಮ್ಮ ಹೊಸಕೋಟೆಯಲ್ಲಿ ಕೂತು ಉಪಗ್ರಹ ಸಂಪರ್ಕದ ಮೂಲಕವೇ ನಡೆಸುತ್ತಾರೆ. ಆಕಾಶ ನೋಡಲು ಉಪಗ್ರಹ ಬೇಕು, ಅದೇ ಉಪಗ್ರಹ ಆಕಾಶಕ್ಕೆ ಅಡ್ಡ. ಈ ವ್ಯಾಜ್ಯ ಸುಲಭದಲ್ಲಿ ತೀರುವಂಥದಲ್ಲ.

2024ರ ನವೆಂಬರ್ 19ರ ನಡುರಾತ್ರಿ, ಭಾರತದ ಕಾಲಮಾನದಲ್ಲಿ, ಈ ಎರಡೂ ಎಳೆಗಳು ಕೂಡಿದವು. ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಕಟ್ಟಿದ 4700 ಕಿಲೋ ತೂಕದ ಇಂಟರ್‌ನೆಟ್ ಉಪಗ್ರಹ ಜಿಸ್ಯಾಟ್-20, ಫ್ಲಾರಿಡಾದಿಂದ ಫಾಲ್ಕನ್ 9ರ ಮೇಲೆ ಹೊರಟಿತು. ನಮ್ಮ ದೊಡ್ಡ ರಾಕೆಟ್ ಆ ಕಕ್ಷೆಗೆ ಹೊರುವುದು ಸುಮಾರು ನಾಲ್ಕು ಟನ್. ರಾಕೆಟ್ಟಿನ ಕೆಳಹಂತ ಸಮುದ್ರದ ತೆಪ್ಪಕ್ಕೆ ಮರಳಿತು. ಉಪಗ್ರಹದ ಲಗಾಮು ಹಾಸನದವರ ಕೈಗೆ ಬಂತು. ಈಶಾನ್ಯದ ಗುಡ್ಡಗಳಿಗೂ ಅಂಡಮಾನ್, ಲಕ್ಷದ್ವೀಪಗಳಿಗೂ ಅದರ ಕಿರಣಗಳು ಬೀಳುತ್ತವೆ. ಗಾಡಿ ಬಾಡಿಗೆಯದಾದರೂ ಸರಕು ನಮ್ಮದು. ಎ.ಟಿ.ಎಸ್-6ಕ್ಕೂ ಇದಕ್ಕೂ ಇರುವ ಅಂತರ ಅದೇ.

ಗಾಡಿಯನ್ನೂ ನಾವೇ ಮಾಡುವ ಯತ್ನ ನಡೆದಿರುವುದು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಳಿ. ಅಲ್ಲಿಯ ವಿಮಾನ ಪರೀಕ್ಷಾ ಕೇಂದ್ರದಲ್ಲಿ 2023ರ ಏಪ್ರಿಲ್ 2ರ ಬೆಳಿಗ್ಗೆ ಇಸ್ರೋದ ರೆಕ್ಕೆಯ ವಾಹನವನ್ನು ಹೆಲಿಕಾಪ್ಟರ್ ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟಿತು. ಅದು ಯಾರ ನೆರವೂ ಇಲ್ಲದೆ ದಾರಿ ಹುಡುಕಿಕೊಂಡು ಓಡುಹಾದಿಯ ಮೇಲೆ ಇಳಿಯಿತು. ಹೆಸರು 'ಪುಷ್ಪಕ್'. ರಾಮನನ್ನು ಅಯೋಧ್ಯೆಗೆ ಇಳಿಸಿದ ಪುಷ್ಪಕ ವಿಮಾನ ಕುಬೇರನಲ್ಲಿಗೆ ತಾನಾಗಿ ಮರಳಿತಲ್ಲ, ಹೆಸರಿಟ್ಟವರಿಗೆ ಅದು ನೆನಪಿದ್ದಿರಬೇಕು.

ಆ ನೆಲದ ವಿಷಯವನ್ನೂ ಹೇಳಬೇಕು, ಏಕೆಂದರೆ ಇಳಿಯುವ ಚಿತ್ರದಲ್ಲಿ ಅದು ಕಾಣುವುದಿಲ್ಲ. ಚಳ್ಳಕೆರೆಯ ಸುತ್ತಿನದು ಅಮೃತಮಹಲ್ ಕಾವಲು. ಮೈಸೂರು ಸೈನ್ಯದ ಫಿರಂಗಿ ಎಳೆದ ಅಮೃತಮಹಲ್ ಎತ್ತುಗಳ ತಳಿಗೆಂದು ಕಾಪಿಟ್ಟ ಹುಲ್ಲುಗಾವಲು. ಸುತ್ತಣ ಹಳ್ಳಿಗಳ ದನಕುರಿಗಳು ತಲೆಮಾರುಗಳಿಂದ ಅಲ್ಲೇ ಮೇದವು. ಚಳ್ಳಕೆರೆ ಕಂಬಳಿಯ ಉಣ್ಣೆ ಬಂದದ್ದು ಆ ಕುರಿಗಳಿಂದ. 2007ರಿಂದೀಚೆಗೆ ಸುಮಾರು ಹತ್ತು ಸಾವಿರ ಎಕರೆಯಷ್ಟು ಕಾವಲು ರಕ್ಷಣಾ ಸಂಶೋಧನೆ, ಇಸ್ರೋ, ಭಾರತೀಯ ವಿಜ್ಞಾನ ಸಂಸ್ಥೆ, ಬಾಬಾ ಅಣುಸಂಶೋಧನಾ ಕೇಂದ್ರಗಳಿಗೆ ಹಂಚಿಕೆಯಾಯಿತು. ಗೋಡೆ ಎದ್ದ ಮೇಲೆ ವಿಷಯ ತಿಳಿದ ಹಳ್ಳಿಗರೂ ಪರಿಸರದವರೂ ಹಸಿರು ನ್ಯಾಯಮಂಡಳಿಯವರೆಗೆ ಹೋದರು. ದೇಶಕ್ಕೆ ಓಡುಹಾದಿ ಬೇಡವೆಂದು ಅವರು ಹೇಳಲಿಲ್ಲ. ನಮ್ಮನ್ನು ಒಂದು ಮಾತು ಕೇಳಬೇಕಿತ್ತು ಎಂದರು. ನನಗೆ ಆ ಮಾತು ನ್ಯಾಯವೆನಿಸುತ್ತದೆ. ಶಸ್ತ್ರಚಿಕಿತ್ಸೆ ಎಷ್ಟೇ ಅಗತ್ಯವಾಗಿರಲಿ, ರೋಗಿಯ ಒಪ್ಪಿಗೆ ಪಡೆಯದೆ ಕತ್ತಿ ಹಿಡಿಯುವಂತಿಲ್ಲ ಎಂದೇ ನಮಗೆ ಮೊದಲ ವರ್ಷದಿಂದ ಕಲಿಸುತ್ತಾರೆ.

ಪುಷ್ಪಕ್ 2024ರ ಮಾರ್ಚ್ 22ರಂದು ಎರಡನೆಯ ಸಲ ಇಳಿಯಿತು. ಈ ಬಾರಿ ಬೇಕೆಂದೇ ಓರೆ ದಿಕ್ಕಿನಲ್ಲಿ ಬಿಟ್ಟಿದ್ದರು. ಜೂನ್ 23ರಂದು ಇನ್ನೂ ಜೋರಾದ ಗಾಳಿಯಲ್ಲಿ ಮೂರನೆಯ ಸಲ. ಆ ಮೂರನೆಯ ಇಳಿತಕ್ಕೆ ಬಳಸಿದ್ದು ಮಾರ್ಚ್‌ನಲ್ಲಿ ಇಳಿದಿದ್ದ ಅದೇ ರೆಕ್ಕೆ, ಅದೇ ಮೈ.